ನಾನು ತಂದ ನಾಯಿಗೆ ಮೂರೇ ಕಾಲು

"ನೀನು ಹಿಡಿದ ಮೊಲಕ್ಕೆ ಈಗ ನಿಜವಾಗ್ಲೂ ಮೂರೇ ಕಾಲು ನೋಡು" ಅಂತ ಅಮ್ಮ ನಕ್ಕರು. ಹಠ ಮಾಡಿ ನಾಯಿ ತಂದ ದಿನ ಅದು. ನಮ್ಮ ಬೀದಿಯ ಹುಡುಗರು ಅವಳಿಗೆ 'ಮುಕ್ಕಾಲಿ' ಅಂತ ಹೆಸರಿಟ್ಟರು. ನನಗೆ ಸಿಟ್ಟು ಬಂತು. ಆದರೆ ಅವಳು ಕಿವಿ ನಿಮಿರಿಸಿದ್ದು ಆ ಹೆಸರಿಗೇ. ಸರಿ, ಅದೇ ಆಯ್ತು.

ಎಡ ಹಿಂಗಾಲು ಪೂರ್ತಿ ಇಲ್ಲ. ಯಾವುದೋ ಗೋಡೌನ್ ಹಿಂದೆ ಸರಪಳಿ ಹಾಕಿ ಕಟ್ಟಿ, ಮರೆತೇ ಬಿಟ್ಟಿದ್ದರಂತೆ. ಸರಪಳಿ ಸುತ್ತಿ ಆದ ಗಾಯಕ್ಕೆ ಹುಳ ಬಿದ್ದಿತ್ತು. ಬಿಡಿಸಿ ತಂದವರಿಗೆ ಜೀವ ಉಳಿಸೋಕಾಯ್ತು, ಕಾಲು ಉಳಿಸೋಕಾಗಲಿಲ್ಲ.

ಕಾಲಿನ ಬಗ್ಗೆ ನಾನು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ನಾಯಿ ನಿಂತಾಗ ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲೇ ಇರುತ್ತದೆ. ಹಾಗಾಗಿ ಹಿಂಗಾಲು ಹೋದರೆ ಹೇಗೋ ಸುಧಾರಿಸಿಕೊಳ್ಳುತ್ತವೆ. ಉಳಿದ ಹಿಂಗಾಲನ್ನು ನಡುವಿಗೆ ತಂದು ನಿಲ್ಲುತ್ತಾಳೆ, ಥೇಟ್ ಮುಕ್ಕಾಲಿಯೇ.

ಕಾಟ ಕೊಟ್ಟಿದ್ದು ನಮ್ಮ ಟೈಲ್ಸ್. ಮೊದಲ ದಿನವೇ ಜಾರಿ ಬಿದ್ದವಳು ಎರಡು ದಿನ ಮೂಲೆ ಬಿಟ್ಟು ಏಳಲಿಲ್ಲ. ದಿನಸಿ ಅಂಗಡಿಯಿಂದ ಗೋಣಿಚೀಲ ತಂದೆ. ಬಿಚ್ಚಿ, ಒಂದಕ್ಕೊಂದು ಹೊಲಿದು, ಅಂಚಿಗೆ ಟೇಪ್ ಅಂಟಿಸಿದೆ. ಅವಳ ಮೂಲೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದು ದಾರಿ. ಉಗುರು ಉದ್ದ ಬೆಳೆದರೂ ಜಾರುತ್ತದೆ, ಅದನ್ನೂ ಆಗಾಗ ಕತ್ತರಿಸಿದೆ. ತಿಂಗಳುಗಟ್ಟಲೆ ಆ ಗೋಣಿ ಬಿಟ್ಟು ಆಚೆ ಹೆಜ್ಜೆ ಇಡಲಿಲ್ಲ.

ಬಂದಾಗ 11 ಕೆಜಿ, ಪಕ್ಕೆಲುಬು ಎಣಿಸಬಹುದಿತ್ತು. ಹಾಗಂತ ಒಂದೇ ಸಲ ಹೊಟ್ಟೆ ಬಿರಿಯ ಹಾಕುವ ಹಾಗಿಲ್ಲ, ಬಹಳ ದಿನ ಹಸಿದ ಮೈ ತಡೆಯುವುದಿಲ್ಲ. ಅನ್ನ, ಬೇಯಿಸಿದ ಕೋಳಿ, ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಈಗ 15 ಕೆಜಿಗೆ ನಿಲ್ಲಿಸಿದ್ದೇವೆ. ದಪ್ಪ ಆದರೆ ಉಳಿದ ಕಾಲುಗಳ ಕೀಲಿಗೆ ಪೆಟ್ಟು. ಅಮ್ಮ ಕದ್ದು ಕೊಡುವ ಚಪಾತಿ ಈ ಲೆಕ್ಕದಲ್ಲಿಲ್ಲ.

ಇದೆಲ್ಲ ಸುಲಭದ ಕೆಲಸ. ಸರಪಳಿಯದೇ ಕಷ್ಟ. ರಾತ್ರಿ ಗೇಟಿನ ಚೈನಿಗೆ ಬೀಗ ಹಾಕುವ ಸದ್ದು ಕೇಳಿದರೆ ನಿಂತಲ್ಲೇ ಉಚ್ಚೆ ಮಾಡಿಕೊಳ್ಳುತ್ತಿದ್ದಳು. ಚೈನ್ ತೆಗೆದು ಚಿಲಕ ಹಾಕಿಸಿದೆ. ಕೊರಳಿಗೆ ಏನೂ ಕಟ್ಟಲಿಲ್ಲ, ಎದೆಗೆ ಹಾಕುವ ಬಟ್ಟೆ ಬೆಲ್ಟ್ ತಂದೆ. ಒಂದು ವಾರ ಅದನ್ನು ನೆಲದ ಮೇಲಿಟ್ಟು, ಮೇಲೊಂದು ಕೋಳಿ ಚೂರು ಇಡುವುದಷ್ಟೇ ಕೆಲಸ. ಆಮೇಲೆ ನನಗೇ ಅವಸರ. ಹಿಂದಿನಿಂದ ಹಿಡಿದು ಹಾಕಲು ಹೋದೆ, ಕೈಗೆ ಕಚ್ಚಿದಳು. ತಪ್ಪು ನನ್ನದೇ ಅಲ್ವಾ? ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದೆ. ಅವಳಿಗೆ ಲಸಿಕೆ ಆಗಿದ್ದರೂ ನಾನು ಇಂಜೆಕ್ಷನ್ ತಪ್ಪಿಸಲಿಲ್ಲ. ಬೆಲ್ಟ್ ಮತ್ತೆ ನೆಲಕ್ಕೆ ಹೋಯ್ತು, ಇನ್ನೂ ಮೂರು ವಾರ.

ಮೊನ್ನೆ ಗೋಣಿ ಒಗೆದು ಹಿತ್ತಲಲ್ಲಿ ಒಣಹಾಕಿದ್ದೆ. ಒಳಗೆ ಬರೀ ಟೈಲ್ಸ್. ಸ್ವಲ್ಪ ಹೊತ್ತಿಗೆ ಟಪ್, ಟಪ್ ಅಂತ ಉಗುರಿನ ಸದ್ದು. ಅಡುಗೆಮನೆಯಲ್ಲಿ ಅಮ್ಮ ಚಪಾತಿ ಲಟ್ಟಿಸುತ್ತಿದ್ದರು.