ಎಂಜಿನ್ ಬಿಚ್ಚಿ ಕಟ್ಟುವಾಗ ಬ್ಯಾಲೆನ್ಸಿಂಗ್ ಬೇಕೇ, ಬೇಡವೇ: ತೀರ್ಮಾನಿಸುವ ಬಗೆ

ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ನನ್ನೋ ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ನನ್ನೋ ಪೂರ್ತಿ ಬಿಚ್ಚಿ, ಬ್ಲಾಕ್ ರೀಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆದು ಅಗಲಿಸಿ), ಓವರ್‌ಸೈಜ್ ಪಿಸ್ಟನ್ ತಂದಿಟ್ಟುಕೊಂಡವರಿಗೆ ಮಷಿನ್ ಶಾಪಿನಲ್ಲಿ ಎದುರಾಗುವ ಪ್ರಶ್ನೆಯೊಂದಿದೆ: ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯಾಗಿಸುವ ಕ್ರ್ಯಾಂಕ್‌ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸಬೇಕೇ, ಅಂದರೆ ಅದು ಸುತ್ತುವಾಗ ನಡುಗದಂತೆ ತೂಕ ಸರಿದೂಗಿಸಬೇಕೇ? ಸಾಲು ನಾಲ್ಕು ಸಿಲಿಂಡರಿನ ಎಂಜಿನ್ ಆಗಿದ್ದು, ಕ್ರ್ಯಾಂಕ್, ಪಿಸ್ಟನ್ನನ್ನು ಅದಕ್ಕೆ ಜೋಡಿಸುವ ರಾಡ್, ಕ್ರ್ಯಾಂಕಿನ ತುದಿಯ ಭಾರದ ಚಕ್ರವಾದ ಫ್ಲೈವೀಲ್ ಎಲ್ಲವೂ ಅದೇ ಎಂಜಿನ್ನಿನ ಹಳೆಯ ಭಾಗಗಳೇ ಆಗಿದ್ದರೆ ಬಹುತೇಕ ಸಂದರ್ಭಗಳಲ್ಲಿ ಯಂತ್ರದ ಮೇಲೆ ಹಾಕಿಸುವ ಬ್ಯಾಲೆನ್ಸಿಂಗ್ ಬೇಕಾಗುವುದಿಲ್ಲ. ಆದರೆ ತೂಕ ನೋಡುವ ಕೆಲಸವನ್ನು ಯಾವ ಎಂಜಿನ್ನಿಗೂ ಬಿಡುವಂತಿಲ್ಲ. ಬ್ಯಾಲೆನ್ಸಿಂಗ್ ಬೇಕೋ ಬೇಡವೋ ಎಂಬುದನ್ನು ಹೇಳಬೇಕಾದದ್ದು ತಕ್ಕಡಿ. ಅಭ್ಯಾಸಬಲವೂ ಅಲ್ಲ, ಹೇಗೂ ಬಿಚ್ಚಿದ್ದೇವಲ್ಲ ಎಂಬ ಉತ್ಸಾಹವೂ ಅಲ್ಲ.

ಕಾರಣ ಸರಳವಾಗಿದೆ. ಇಂಥ ಎಂಜಿನ್ನಿನಲ್ಲಿ ಹೊರಗಿನ ಎರಡು ಪಿಸ್ಟನ್‌ಗಳು ಮೇಲೇರುವಾಗ ಒಳಗಿನ ಎರಡು ಕೆಳಗಿಳಿಯುತ್ತವೆ. ಒಂದು ಜೋಡಿಯ ಎಳೆತವನ್ನು ಇನ್ನೊಂದು ಜೋಡಿ ಕಳೆದುಬಿಡುತ್ತದೆ. ಹಾಗಾಗಿ ಹೊಸ ಪಿಸ್ಟನ್ ಹಳೆಯದಕ್ಕಿಂತ ಹತ್ತಿಪ್ಪತ್ತು ಗ್ರಾಂ ಭಾರವಾಗಿದ್ದರೂ, ನಾಲ್ಕೂ ಅಷ್ಟೇ ಭಾರವಾಗಿರುವವರೆಗೆ, ಬೇರಿಂಗ್‌ಗಳ ಮೇಲಿನ ಹೊರೆ ಕೊಂಚ ಹೆಚ್ಚುತ್ತದೆಯೇ ಹೊರತು ಬ್ಯಾಲೆನ್ಸ್ ಕೆಡುವುದಿಲ್ಲ. ಕ್ರ್ಯಾಂಕಿನ ಜರ್ನಲ್‌ಗಳನ್ನು (ಬೇರಿಂಗಿನೊಳಗೆ ತಿರುಗುವ ಭಾಗಗಳನ್ನು) ಅಂಡರ್‌ಸೈಜಿಗೆ, ಅಂದರೆ ಮೂಲಕ್ಕಿಂತ ಕಡಿಮೆ ಅಳತೆಗೆ, ಗ್ರೈಂಡ್ ಮಾಡಿಸಿದರೂ ಮೂಲ ಕೇಂದ್ರ ಬಿಡದೆ ಗ್ರೈಂಡ್ ಮಾಡಿದ್ದಾರೆಂದರೆ ವ್ಯತ್ಯಾಸ ಗಣನೆಗೆ ಬರುವಷ್ಟಿರುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಬರುವ ಸಣ್ಣ ನಡುಕವೊಂದು ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹುಟ್ಟುಗುಣ. ಅದನ್ನು ಯಾವ ಮಷಿನ್ ಶಾಪೂ ತೆಗೆಯಲಾರದು. ಅದಕ್ಕೆಂದೇ ಮಿತ್ಸುಬಿಷಿ ಕಂಪನಿ 1975ರಲ್ಲಿ ತನ್ನ ಎಂಜಿನ್ನಿನೊಳಗೆ ಇಮ್ಮಡಿ ವೇಗದಲ್ಲಿ ತಿರುಗುವ ಎರಡು ಬ್ಯಾಲೆನ್ಸ್ ಶಾಫ್ಟ್‌ಗಳನ್ನು ಇರಿಸಿತು.

ತೂಕ ನೋಡುವುದಕ್ಕೆ ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದರ ಮಿತಿ ಕನಿಷ್ಠ ಎರಡು ಕಿಲೋ ಇರಲಿ. ಎಲ್ಲ ಭಾಗಗಳನ್ನೂ ತೊಳೆದು ಒಣಗಿಸಿ, ರಿಂಗ್ ಹಾಕದ ಪಿಸ್ಟನ್‌ಗಳನ್ನೂ ಅವನ್ನು ರಾಡಿಗೆ ಸೇರಿಸುವ ಗಜನ್ ಪಿನ್ನುಗಳನ್ನೂ ಬೇರೆ ಬೇರೆಯಾಗಿ ತೂಗಿ, ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಭಾರದ ಪಿಸ್ಟನ್ನಿಗೆ ಹಗುರದ ಪಿನ್ನನ್ನು ಜೋಡಿಸುವುದರಿಂದಲೇ ಎಷ್ಟೋ ವ್ಯತ್ಯಾಸ ಒಂದು ಪೈಸೆ ಖರ್ಚಿಲ್ಲದೆ ಮಾಯವಾಗುತ್ತದೆ. ಕನೆಕ್ಟಿಂಗ್ ರಾಡಿನ ವಿಷಯದಲ್ಲಿ ಒಟ್ಟು ತೂಕ ಹೊಂದಿದರೆ ಸಾಲದು, ಏಕೆಂದರೆ ಬಿಗ್ ಎಂಡ್ ಕ್ರ್ಯಾಂಕಿನೊಡನೆ ಸುತ್ತುತ್ತದೆ, ಸ್ಮಾಲ್ ಎಂಡ್ ಪಿಸ್ಟನ್ನಿನೊಡನೆ ಮೇಲೆ ಕೆಳಗೆ ಓಡುತ್ತದೆ. ಸ್ಮಾಲ್ ಎಂಡನ್ನು ತೆಳುವಾದ ತಂತಿಯಿಂದ ತೂಗುಹಾಕಿ, ಬಿಗ್ ಎಂಡ್ ತಕ್ಕಡಿಯ ತಟ್ಟೆಯ ಮೇಲೆ ನಿಲ್ಲುವಂತೆ, ರಾಡು ನೆಲಕ್ಕೆ ಸಮತಲವಾಗಿರುವಂತೆ ಹಿಡಿಸಿದರೆ ಆ ತುದಿಯ ಪಾಲಿನ ತೂಕ ಸಿಗುತ್ತದೆ. ಒಟ್ಟು ತೂಕದಿಂದ ಅದನ್ನು ಕಳೆದರೆ ಉಳಿದದ್ದು ಇನ್ನೊಂದು ತುದಿಯದು. ನಾಲ್ಕಕ್ಕೂ ಅದೇ ತಂತಿ, ಅದೇ ಎತ್ತರ ಇರಬೇಕು; ಪ್ರತಿ ರಾಡನ್ನೂ ಎರಡು ಮೂರು ಸಲ ಎತ್ತಿ ಇಟ್ಟು ಅಂಕಿ ಒಂದೇ ಬರುವುದನ್ನು ಖಚಿತಪಡಿಸಿಕೊಳ್ಳಬೇಕು. ರಸ್ತೆಯ ಮೇಲೆ ಓಡುವ ಕಾರಿಗೆ ಎರಡು ಗ್ರಾಮಿನೊಳಗಿನ ವ್ಯತ್ಯಾಸ ಧಾರಾಳವಾಗಿ ಸಾಕೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚಿದ್ದರೆ ಅತಿ ಹಗುರದ ರಾಡನ್ನು ಅಳತೆಯಾಗಿ ಇಟ್ಟುಕೊಂಡು, ಉಳಿದವುಗಳಲ್ಲಿ ಬಿಗ್ ಎಂಡ್ ಕ್ಯಾಪಿನ ಕೆಳಗಿನ ಉಬ್ಬಿನಿಂದಲೂ ಸ್ಮಾಲ್ ಎಂಡಿನ ತಲೆಯಿಂದಲೂ ಸ್ವಲ್ಪಸ್ವಲ್ಪವೇ ಉಜ್ಜಿ ತೆಗೆಯಬೇಕು. ಬೋಲ್ಟು ಕೂರುವ ಜಾಗಕ್ಕೂ ರಾಡಿನ ನಡುಭಾಗಕ್ಕೂ ಗ್ರೈಂಡರ್ ತಾಗಿಸಬಾರದು. ಬಿರುಕು ಹುಟ್ಟುವುದು ಅಲ್ಲಿಯೇ.

ಯಂತ್ರದ ಬ್ಯಾಲೆನ್ಸಿಂಗ್ ನಿಜವಾಗಿ ಬೇಕಾಗುವುದು ಸುತ್ತುವ ಭಾಗವೇ ಬದಲಾದಾಗ: ಬೇರೆ ಎಂಜಿನ್ನಿನ ಕ್ರ್ಯಾಂಕ್ ತಂದಿದ್ದರೆ, ಬಾಗಿದ್ದನ್ನು ನೆಟ್ಟಗೆ ಮಾಡಿಸಿದ್ದರೆ, ಜರ್ನಲ್ಲಿಗೆ ವೆಲ್ಡಿಂಗ್ ತುಂಬಿಸಿದ್ದರೆ, ಫ್ಲೈವೀಲನ್ನು ಹಗುರ ಮಾಡಿಸಿದ್ದರೆ ಅಥವಾ ಎಲ್ಲಿಂದಲೋ ಹೊಂದಿಸಿದ್ದರೆ. ಫ್ಲೈವೀಲಿನ ಕಡೆಗೆ ಜನ ಗಮನ ಕೊಡುವುದು ಕಡಿಮೆ, ಆದರೆ ಲೆಕ್ಕ ಅಲ್ಲಿಗೇ ಬೆರಳು ತೋರಿಸುತ್ತದೆ. ಕೇಂದ್ರದಿಂದ 130 ಮಿಲಿಮೀಟರ್ ದೂರದಲ್ಲಿ ಕೇವಲ 5 ಗ್ರಾಂ ಹೆಚ್ಚಿದ್ದರೆ 3000 ಆರ್‌ಪಿಎಂ ವೇಗದಲ್ಲಿ ಅದು ಸುಮಾರು ಆರೂವರೆ ಕಿಲೋ ಭಾರದಷ್ಟು ಬಲದಿಂದ ಕ್ರ್ಯಾಂಕನ್ನು ಹೊರಕ್ಕೆ ಎಳೆಯುತ್ತದೆ. ಅಂಬಾಸಿಡರಿನ ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 88.9 ಮಿಲಿಮೀಟರ್, ಬಿಗ್ ಎಂಡ್ ಕೇಂದ್ರದಿಂದ ಅದರ ಅರ್ಧದಷ್ಟು ದೂರದಲ್ಲಿ ಸುತ್ತುತ್ತದೆ; ಅದೇ 5 ಗ್ರಾಂ ಒಂದು ರಾಡಿನ ಬಿಗ್ ಎಂಡಿನಲ್ಲಿ ಹೆಚ್ಚಿದ್ದರೆ ಉಂಟಾಗುವ ಬಲ ಇದರ ಮೂರನೇ ಒಂದು ಪಾಲಿನಷ್ಟು ಮಾತ್ರ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ರ‍್ಯಾಲಿಗೋ ರೇಸಿಗೋ ಹೆಚ್ಚಿನ ಆರ್‌ಪಿಎಂನಲ್ಲಿ ಓಡಿಸುವ ಉದ್ದೇಶವಿದ್ದರೆ, ಅದರಲ್ಲೂ ಅಂಬಾಸಿಡರಿನ ಹಾಗೆ ಮೂರೇ ಮೇನ್ ಬೇರಿಂಗ್‌ಗಳ ಮೇಲೆ ನಿಂತ ಕ್ರ್ಯಾಂಕ್ ಇದ್ದರೆ, ಮೇಲಿನ ಯಾವ ಕಾರಣವೂ ಇಲ್ಲದಿದ್ದರೂ ಬ್ಯಾಲೆನ್ಸ್ ಮಾಡಿಸುವುದೇ ಸರಿ. ಊರೊಳಗೆ, ಹೆದ್ದಾರಿಯಲ್ಲಿ ನಿಧಾನಕ್ಕೆ ಓಡುವ ಕಾರಿಗೆ ಅದೇ ಹಣವನ್ನು ಒಳ್ಳೆಯ ಬೇರಿಂಗ್ ಸೆಟ್ಟಿಗೆ ಹಾಕುವುದು ಲೇಸು.

ಬಿಚ್ಚುವುದಕ್ಕೆ ಮೊದಲೇ ನಡುಕವಿತ್ತು ಎನ್ನುವವರು ಅದು ಯಾವ ನಡುಕ ಎಂಬುದನ್ನು ಗುರುತಿಸಬೇಕು. ಗಾಡಿ ನಿಂತಿದ್ದು, ಗೇರ್ ನ್ಯೂಟ್ರಲ್‌ನಲ್ಲಿದ್ದಾಗ ಎಂಜಿನ್ ವೇಗದೊಡನೆ ಏರುವ ನಡುಕ ಮಾತ್ರ ಇಲ್ಲಿ ಪ್ರಸ್ತುತ. ಅದೇ ವೇಗದಲ್ಲಿ ಕ್ಲಚ್ ತುಳಿದೊಡನೆ ಅದು ನಿಂತುಹೋದರೆ ದೋಷ ಕ್ಲಚ್ ಡಿಸ್ಕಿನ ಅಥವಾ ಗೇರ್‌ಬಾಕ್ಸಿನ ಕಡೆಯದು, ಏಕೆಂದರೆ ಫ್ಲೈವೀಲೂ ಅದಕ್ಕೆ ಕ್ಲಚ್ ಡಿಸ್ಕನ್ನು ಒತ್ತಿಹಿಡಿಯುವ ಪ್ರೆಶರ್ ಪ್ಲೇಟೂ ಆಗಲೂ ಸುತ್ತುತ್ತಲೇ ಇರುತ್ತವೆ. ಐಡ್ಲಿಂಗ್‌ನಲ್ಲಿ ಒದರಾಡಿ ವೇಗ ಏರಿದಂತೆ ಸರಿಯಾಗುವುದು ಸಾಮಾನ್ಯವಾಗಿ ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದರ ಅಥವಾ ಎಂಜಿನ್ ಮೌಂಟಿನ ರಬ್ಬರ್ ಸತ್ತಿರುವುದರ ಲಕ್ಷಣ.

ಈ ನಿಯಮವನ್ನು ಒಂದು ಸಿಲಿಂಡರಿನ ಬೈಕಿಗೆ ಅನ್ವಯಿಸಬಾರದು. ಹಳೆಯ ಬುಲೆಟ್ಟಿನಲ್ಲಾಗಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಒಂಟಿ ಸಿಲಿಂಡರಿನ ಯೆಜ್ಡಿಯಲ್ಲಾಗಲಿ ಪಿಸ್ಟನ್ನಿನ ಎಳೆತವನ್ನು ಕಳೆಯಲು ಇನ್ನೊಂದು ಪಿಸ್ಟನ್ ಇಲ್ಲ. ಅದರ ತೂಕದ ಒಂದು ಪಾಲಿಗೆ ಮಾತ್ರ ಕ್ರ್ಯಾಂಕಿನಲ್ಲಿ ಎದುರು ತೂಕ ಕೊಟ್ಟು ರಾಜಿ ಮಾಡಿಕೊಂಡಿರುತ್ತಾರೆ. ಅಲ್ಲಿ ಪಿಸ್ಟನ್ನಿನ ತೂಕ ಬದಲಾದರೆ ಆ ರಾಜಿಯೂ ಬದಲಾಗುತ್ತದೆ, ಆದ್ದರಿಂದ ಮೂಲ ತೂಕದ ಪಿಸ್ಟನ್ನನ್ನೇ ಹುಡುಕುವುದು ಒಳ್ಳೆಯದು. ಒತ್ತಿ ಜೋಡಿಸಿದ ಯೆಜ್ಡಿ ಕ್ರ್ಯಾಂಕಿನಲ್ಲಂತೂ ಎರಡು ಬದಿಯ ಶಾಫ್ಟ್‌ಗಳು ಒಂದೇ ನೇರಕ್ಕೆ ಇವೆಯೇ ಎಂದು ಡಯಲ್ ಗೇಜಿನಿಂದ ನೋಡಿಸುವುದೇ ಮೊದಲ ಕೆಲಸ.

ಮಾಡಿಸುವುದೆಂದು ತೀರ್ಮಾನಿಸಿದರೆ ಅನುಕ್ರಮ ತಪ್ಪಬಾರದು. ಬಿರುಕು ಪರೀಕ್ಷೆ, ನೆಟ್ಟಗೆ ಮಾಡುವುದು, ಗ್ರೈಂಡಿಂಗ್ ಎಲ್ಲವೂ ಮುಗಿದ ಮೇಲೆಯೇ ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಬೇಕು. ಮೊದಲು ಕ್ರ್ಯಾಂಕನ್ನು ಒಂಟಿಯಾಗಿ, ಎರಡೂ ತುದಿಗಳಲ್ಲಿ ಅಳೆದು ಸರಿಪಡಿಸಲಿ. ಆಮೇಲೆ ಮುಂದಿನ ಪುಲ್ಲಿ, ಫ್ಲೈವೀಲ್, ಪ್ರೆಶರ್ ಪ್ಲೇಟ್‌ಗಳನ್ನು ಒಂದೊಂದಾಗಿ ಸೇರಿಸಿ, ಹೊಸದಾಗಿ ಸೇರಿದ ಭಾಗದಲ್ಲಿಯೇ ತಿದ್ದುಪಡಿ ಮಾಡಲಿ ಎಂದು ಮುಂಚೆಯೇ ಹೇಳಿಡಬೇಕು. ಎಲ್ಲವನ್ನೂ ಒಟ್ಟಿಗೆ ಕಟ್ಟಿ ಒಂದೇ ಸಲ ಬ್ಯಾಲೆನ್ಸ್ ಮಾಡಿದರೆ ಮುಂದೆ ಪ್ರೆಶರ್ ಪ್ಲೇಟ್ ಬದಲಿಸಿದ ದಿನವೇ ಎಲ್ಲ ಕೆಡುತ್ತದೆ. ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ಪಂಚ್ ಗುರುತು ಹಾಕಿಸಿಕೊಂಡು ಅದೇ ಸ್ಥಾನದಲ್ಲಿ ಮರಳಿ ಜೋಡಿಸಬೇಕು. ಕೌಂಟರ್‌ವೇಟಿಗೆ (ಕ್ರ್ಯಾಂಕಿನ ಎದುರು ತೂಕಕ್ಕೆ) ಡ್ರಿಲ್ ಹಾಕಿದ ಲೋಹದ ಚೂರು ಆಯಿಲ್ ರಂಧ್ರಗಳಲ್ಲಿ ಸೇರಿಕೊಂಡಿರುವ ಸಾಧ್ಯತೆ ಇರುವುದರಿಂದ, ಆ ರಂಧ್ರಗಳ ಪ್ಲಗ್ ತೆಗೆದು, ಬ್ರಷ್ ಹಾಕಿ ತೊಳೆದು, ಗಾಳಿ ಹೊಡೆದ ನಂತರವಷ್ಟೇ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಕೂರಿಸತಕ್ಕದ್ದು.