ತೋಪು ಹಾರಿಸದೆ ಕೋಟೆಯ ಜಾಹೀರಾತು ಮಾಡುವುದು ಹೇಗೆ

ನಾನು ಬೀದರ್‌ನಲ್ಲಿ ರೇಡಿಯೊ ಜಾಹೀರಾತು ಬರೆಯುತ್ತೇನೆ, ಧ್ವನಿಯನ್ನೂ ಕೊಡುತ್ತೇನೆ. ಯುದ್ಧದ ಕಥೆಯಿರುವ ಜಾಗಕ್ಕೆ ಮೊದಲ ಸಲ ಬರೆದಾಗ ಐದು ತೋಪು ಹಾರಿಸಿದೆ, ಕುದುರೆ ಓಡಿಸಿದೆ. ಕಿರಾಣಿ ಅಂಗಡಿಯ ಸಣ್ಣ ರೇಡಿಯೊದಲ್ಲಿ ಅದು ಬರೀ ಗರಗರ ಅಂತ ಕೇಳಿಸಿತು. ಜಾಗದ ಹೆಸರೇ ಗೊತ್ತಾಗಲಿಲ್ಲ. ಅವತ್ತಿನಿಂದ ಸದ್ದು ಕಡಿಮೆ ಮಾಡಿದೆ.

ನಮ್ಮ ಕೋಟೆಯ ಮ್ಯೂಸಿಯಂ ಅಂತಲೇ ಇಟ್ಟುಕೊಳ್ಳಿ. ಮೊದಲು ಒಂದೇ ಕಥೆ ಆರಿಸಿ. ಬಹಮನಿಗಳು, ಬರೀದಶಾಹಿಗಳು, ಮೊಘಲರು ಎಲ್ಲರನ್ನೂ 30 ಸೆಕೆಂಡಿಗೆ ತುರುಕಿದರೆ ಯಾರೂ ನೆನಪಿರುವುದಿಲ್ಲ. ನಾನು 1657 ಹಿಡಿಯುತ್ತೇನೆ. ಔರಂಗಜೇಬನ ಫೌಜು ಕೋಟೆಯನ್ನು ಸುತ್ತುವರಿದಿತ್ತು. ಒಳಗೆ ವಯಸ್ಸಾದ ಕಿಲ್ಲೇದಾರ ಸಿದ್ದಿ ಮರ್ಜಾನ್. 27 ದಿನ ತಡೆದು ನಿಂತ. ಕೊನೆಗೆ ಬುರುಜಿನ ಹತ್ತಿರ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ಬಿತ್ತು. ಸುಟ್ಟ ಗಾಯದಿಂದ ಅವನು ತೀರಿಕೊಂಡ. ಈ ಸಾವನ್ನು ಚೀರಾಟದಿಂದ ತೋರಿಸಬೇಡಿ. ಅದು ಒಬ್ಬ ಮನುಷ್ಯನ ನೋವು, ಅಲ್ವಾ? ಕಥೆಯನ್ನು ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಲ್ಲಿಸಿ. ಮುಂದಿನದನ್ನು ತಿಳಿಯಲು ಜನ ಕೋಟೆಗೆ ಬರಲಿ.

ಒಂದು ಮಗು ತನ್ನ ಮುತ್ಯಾನ (ಅಜ್ಜನ) ಜೊತೆ ಕೋಟೆ ನೋಡುತ್ತಿದೆ. ನಾನು ಬರೆಯುವುದು ಹೀಗೆ:

(ಕಲ್ಲಿನ ಮೇಲೆ ಚಪ್ಪಲಿ ಸಪ್ಪಳ)
"ಮುತ್ಯಾ, 27 ದಿನ ಬಾಗಿಲಾ ತೆಗಿಲೇ ಇಲ್ಲೇನು?"
"ಇಲ್ಲವ್ವಾ. ಹೊರಗ ಔರಂಗಜೇಬನ ಫೌಜು. ಒಳಗ ಸಿದ್ದಿ ಮರ್ಜಾನ್."
"ಆಮ್ಯಾಲ?"
(ಎರಡು ಸೆಕೆಂಡು ಮೌನ)
"ನಡಿ, ಆ ಬುರುಜು ತೋರಸ್ತೀನಿ."
"ಬೀದರ್ ಕೋಟೆ. ಒಳಗ ಹಳೇ ಹಮಾಮಿನ್ಯಾಗ ಮ್ಯೂಸಿಯಂ. ಮುತ್ಯಾನ ಕೈ ಹಿಡ್ಕೊಂಡು ಬರ್ರಿ, ಬೀದರ್ ಕೋಟೆಗಿ."

ಆ ಮೌನವೇ ಇಲ್ಲಿ ತೋಪು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವರೂ ಒಂದು ಕ್ಷಣ ಕೈ ನಿಲ್ಲಿಸುತ್ತಾರೆ.

ಭಾಷೆ ನಮ್ಮದೇ ಇರಲಿ. "ಮುತ್ಯಾ" ಅಂದರೆ ಸಾಕು, ಇದು ನಮ್ಮ ಕಡೆಯ ಮಾತು ಅಂತ ಕಿವಿಗೆ ಗೊತ್ತಾಗುತ್ತದೆ. ಮಾತು 45 ಪದ ದಾಟಬಾರದು. ಮನಸ್ಸಿನಲ್ಲಿ ಓದಿ ಲೆಕ್ಕ ಹಾಕಬೇಡಿ, ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಜಾಗದ ಹೆಸರು ಎರಡು ಸಲ ಬರಲಿ. ಫೋನ್ ನಂಬರ್ ಬೇಡ, ಗಾಡಿ ಓಡಿಸುವವರು ಬರೆದುಕೊಳ್ಳುವುದಿಲ್ಲ.

ಹೆಜ್ಜೆ ಸಪ್ಪಳವನ್ನು ಇಂಟರ್‌ನೆಟ್‌ನಿಂದ ತರಬೇಡಿ. ಪುರಾತತ್ವ ಇಲಾಖೆಯ ಅನುಮತಿ ಕೇಳಿ, ಬೆಳಿಗ್ಗೆ ಬೇಗ ಕೋಟೆಯಲ್ಲೇ ರೆಕಾರ್ಡ್ ಮಾಡಿ. ಗಾಳಿ ಜಾಸ್ತಿ ಇದ್ದರೆ ಮೈಕಿಗೆ ಸ್ಪಂಜು ಹಾಕಿ. ಮಗುವಿನ ಪಾತ್ರಕ್ಕೆ ಮಗುವನ್ನೇ ಕರೆತನ್ನಿ. ದೊಡ್ಡವರು ದನಿ ಸಣ್ಣ ಮಾಡಿದರೆ ಸುಳ್ಳು ತಕ್ಷಣ ಕೇಳಿಸುತ್ತದೆ.

ಮುಗಿದ ಮೇಲೆ ಒಳ್ಳೆ ಹೆಡ್‌ಫೋನ್‌ನಲ್ಲಿ ಕೇಳಿ ಸಮಾಧಾನ ಪಡಬೇಡಿ. ಹಳೇ ಮೊಬೈಲಿನಲ್ಲಿ ಹಾಕಿ, ಪಕ್ಕದಲ್ಲಿ ಮಿಕ್ಸಿ ಓಡಿಸಿ. ಮಾತು ತಿಳಿದರೆ ಕಳಿಸಿ. ಎರಡು ಸೆಕೆಂಡು ಉಳಿಸಲು ಯಾರಾದರೂ ಆ ಮೌನಕ್ಕೆ ಕತ್ತರಿ ಹಾಕೋಣ ಅನ್ನಬಹುದು. ಬೇಕಾದರೆ ನಿಮ್ಮ ಒಂದು ಸಾಲು ಬಿಟ್ಟುಕೊಡಿ, ಅದನ್ನು ಕೊಡಬೇಡಿ.