ಭಾರೀ ಆಂಪ್ಲಿಫೈಯರ್, ಸ್ಪೀಕರ್ ಎತ್ತಿ ಸಾಗಸೂದು ಹೆಂಗ

ರಾಯಚೂರಾಗ ಮನಿ ಬದಲ್ ಮಾಡುವಾಗ ಫ್ರಿಜ್ಜು, ಬೀರು ಎತ್ತೂದು ಹಮಾಲರಿಗೆ ರೂಢಿ ಕೆಲಸ, ಆದ್ರ 35-40 ಕೆಜಿ ಪವರ್ ಆಂಪ್ (ಸ್ಪೀಕರಿಗೆ ಶಕ್ತಿ ಕೊಡೂ ಆಂಪ್ಲಿಫೈಯರ್) ಎತ್ತುವಾಗ ಮಾತ್ರ ನೀವ ಮುಂದ ನಿಂದ್ರಬೇಕ್ರಿ. ಪ್ಲಗ್ ಕಿತ್ತು ತಣ್ಣಗಾಗಾಕ ಬಿಡ್ರಿ, ವೈರಿಗೆ ಟೇಪ್ ಹಚ್ಚಿ ಎಡ, ಬಲ ಅಂತ ಬರದು ಬಿಚ್ರಿ. ಗಾಜಿನ ಬಲ್ಬಿನಂಥ ಟ್ಯೂಬ್ ಇರೂ ಆಂಪ್ ಇದ್ರ ಆ ಟ್ಯೂಬ್ ತಗದು ಬ್ಯಾರೆ ಕಟ್ರಿ.

ಮುಖ್ಯ ಏನಂದ್ರ ತೂಕ ನಡಕ್ ಇರಂಗಿಲ್ಲ, ಟ್ರಾನ್ಸ್‌ಫಾರ್ಮರ್ ಇದ್ದ ಕಡಿನ ಜಾಸ್ತಿ ಭಾರ, ಯಾಕಂದ್ರ ತಾಮ್ರ, ಕಬ್ಬಿಣ ಎಲ್ಲಾ ಅಲ್ಲೇ ಇರ್ತೈತಿ, ಅದಕ್ಕ ಮೊದ್ಲು ಒಂದೊಂದು ಮೂಲಿ ಸ್ವಲ್ಪ ಎತ್ತಿ ನೋಡ್ರಿ, ಆಮ್ಯಾಲೆ ಭಾರದ ಕಡಿ ಎದಿಗೆ ಹತ್ತಂಗ ಹಿಡೀರಿ. ಹೀಟ್‌ಸಿಂಕ್ (ಬಿಸಿ ಹೊರಗ ಬಿಡೂ ಲೋಹದ ಪಟ್ಟಿ) ಅಂಚು ಕೈ ಕೊಯ್ತಾವ, ದಪ್ಪ ಗ್ಲೌಸ್ ಬೇಕ ಬೇಕು. ಮೊಣಕಾಲು ಮಡಚಿ ಕುಂತು ಎದ್ದೇಳ್ರಿ, ಸೊಂಟ ಬಗ್ಗಿಸಿ ಎತ್ತಬ್ಯಾಡ್ರಿ, ತಿರಗೂದಿದ್ರ ಪಾದ ತಿರುಗಿಸ್ರಿ, ಸೊಂಟ ತಿರುವಬ್ಯಾಡ್ರಿ.

ರೂಮಿನಾಗ ಎತ್ತೂದ ಬ್ಯಾಡ, ಹಳೀ ಕೌದಿ ಮ್ಯಾಲೆ ಇಟ್ಟು ಎಳೀರಿ, ಗ್ರಾನೈಟ್ ಮ್ಯಾಲೆ ಸರಾಗ ಜಾರ್ತೈತಿ. ಸ್ಪೀಕರಿನ ಸ್ಪೈಕ್ (ತಳದಾಗಿನ ಚೂಪು ಮೊಳಿ) ಮೊದ್ಲ ಬಿಚ್ರಿ, ಮುಂದಿನ ಕೋನಿಗೆ (ಅದುರೂ ಪರದೆ), ಟ್ವೀಟರಿಗೆ (ಸಣ್ಣ ಸ್ಪೀಕರ್) ಬೆರಳು ತಾಗಬಾರ್ದು. ಕ್ಲಿಪ್ಶ್‌ಹಾರ್ನ್ ಅನ್ನೂ ದೊಡ್ಡ ಸ್ಪೀಕರಿನ ಥರ 100 ಕೆಜಿ ಹತ್ರ ಇರೋವು ಇಬ್ರ ಕೈಲಿ ಆಗೂದಲ್ಲ, ನಾಕ್ ಮಂದಿ ಕರೀರಿ, ರೊಕ್ಕ ಉಳಸಾಕ ಹೋಗಿ ಬೆನ್ನು ಹಾಳ್ ಮಾಡ್ಕೋಬ್ಯಾಡ್ರಿ.

ಮೆಟ್ಲ ಇಳಿಸುವಾಗ ಗಟ್ಟಿ ಆಳು ಕೆಳಗಿರ್ಲಿ, ಭಾರ ಅವನ ಮ್ಯಾಲೆ ಬರ್ತೈತಿ, ಒಬ್ರು ತಡಿ ಅಂದ್ರ ಎಲ್ಲಾರೂ ನಿಂದ್ರಬೇಕು. ಟಾಟಾ ಏಸ್‌ನಾಗ ಸ್ಪೀಕರ್ ನೆಟ್ಟಗ ನಿಲ್ಲಿಸಿ ಹಗ್ಗ ಬಿಗೀರಿ. ಬ್ಯಾಸಿಗ್ಯಾಗ ನಮ್ಮ ಕಡಿ 40 ಡಿಗ್ರಿ ದಾಟ್ತೈತಿ, ಬೆವತ ಕೈ ಜಾರ್ತಾವ, ಮುಂಜಾನಿನ ಕೆಲಸ ಮುಗಿಸ್ರಿ.